ಗೆರೆ ಎಳೆಯುವ ದಿನ

2025ರಲ್ಲಿ ಈದುಲ್ ಫಿತ್ರ್ ಮಾರ್ಚ್ 31ಕ್ಕೆ ಬಂದಿತ್ತು. ಕಾಮರ್ಸ್ ಓದುವವರಿಗೆ ಆ ತಾರೀಖು ಇನ್ನೊಂದು ಕಾರಣಕ್ಕೂ ಗೊತ್ತು, ಹಣಕಾಸು ವರ್ಷ ಮುಗಿಯುವ ದಿನ ಅದು. ಊರಿನವರೆಲ್ಲ ಲೆಕ್ಕ ಮುಗಿಸುವ ದಿನ ನಮಗೆ ಹಬ್ಬ. ಆ ಹಬ್ಬಕ್ಕೆ ನಾಲ್ಕು ದಿನ ಮೊದಲು ನಾನು ಬರೆದ ಪ್ರೋಗ್ರಾಂನಿಂದ ಅಮ್ಮಿಯ ಲೆಕ್ಕ ತಪ್ಪಿತು. ಅದರಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ವಿಷಯ ಎಂದು ಪುಟ ತಿರುಗಿಸಬೇಡಿ. ಲೆಕ್ಕಶಾಸ್ತ್ರದ ಪಾಠದಲ್ಲಿ ಕೂತವರಿಗೆಲ್ಲ ಇದು ಅರ್ಥವಾಗುತ್ತದೆ.

ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ರಂಜಾನ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ಕೂರಲು ಜಾಗ ಇರುವುದಿಲ್ಲ. ಎಲ್ಲ ಕಡೆ ಬಟ್ಟೆಯ ಗಂಟುಗಳು. ಯಾರ ಅಳತೆ ಎಷ್ಟು, ಯಾರು ಎಷ್ಟು ಮುಂಗಡ ಕೊಟ್ಟರು, ಬಾಕಿ ಎಷ್ಟು, ಇದೆಲ್ಲ ಅವರ ಉರ್ದು ನೋಟ್‌ಬುಕ್‌ನಲ್ಲಿ ಇರುತ್ತಿತ್ತು. ನಾನು ಫಸ್ಟ್ ಪಿಯುಸಿಯಲ್ಲಿದ್ದಾಗ ಪೈಥಾನ್ ಕಲಿತು, ಈ ನೋಟ್‌ಬುಕ್‌ನ ಕೆಲಸ ಮಾಡುವ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಸೈನ್ಸ್ ಸೆಕ್ಷನ್‌ನ ಒಬ್ಬ ಗೆಳೆಯ ಮತ್ತು ಡಿಗ್ರಿ ಓದುವ ನನ್ನ ಮಾಮುವಿನ ಮಗ ಜೊತೆ ಸೇರಿದರು. ಅದನ್ನು ಓಪನ್ ಸೋರ್ಸ್ ಮಾಡಿ ಗಿಟ್‌ಹಬ್‌ನಲ್ಲಿ ಹಾಕಿದೆವು. ಓಪನ್ ಸೋರ್ಸ್ ಎಂದರೆ ಯಾರು ಬೇಕಾದರೂ ಕೋಡ್ ನೋಡಬಹುದು, ಬಳಸಬಹುದು, ತಿದ್ದಬಹುದು. ನಮ್ಮ ಗಲ್ಲಿಯ ಇನ್ನೊಬ್ಬ ಟೇಲರ್ ಕೂಡ ಅದನ್ನು ಬಳಸತೊಡಗಿದರು. ನನಗೆ ಆಗ ಬಹಳ ಹೆಮ್ಮೆ.

ಮೂವರೂ ಒಂದೇ ಕೋಡ್‌ನಲ್ಲಿ ಕೆಲಸ ಮಾಡುತ್ತಿದ್ದೆವು. ಮನೆಯ ಹಳೆಯ ಲ್ಯಾಪ್‌ಟಾಪ್ ದಿನಾ ಬೆಳಿಗ್ಗೆ ಅದೇ ಕೋಡ್ ಅನ್ನು ಇಳಿಸಿಕೊಳ್ಳುತ್ತಿತ್ತು. ಅಂದರೆ ನಾವು ರಾತ್ರಿ ಬರೆದದ್ದು ಬೆಳಿಗ್ಗೆ ಅಮ್ಮಿಯ ಮುಂದೆ. ಅದೇ ನಮ್ಮ ತಪ್ಪು, ಆದರೆ ಆಗ ಅದು ತಪ್ಪು ಎಂದೇ ಗೊತ್ತಿರಲಿಲ್ಲ.

ಮಾರ್ಚ್ ಕೊನೆಯ ವಾರ ಗೆಳೆಯ ರಿಯಾಯಿತಿ ಲೆಕ್ಕ ಹಾಕುವ ಹೊಸ ಭಾಗ ಸೇರಿಸುತ್ತಿದ್ದ. ಅರ್ಧ ಮುಗಿದಿತ್ತು. ಆ ಅರ್ಧ ಕೆಲಸದಲ್ಲಿ, ಗ್ರಾಹಕರು ಎರಡು ಕಂತಿನಲ್ಲಿ ಹಣ ಕೊಟ್ಟಿದ್ದರೆ ಮೊದಲ ಕಂತು ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಶಬೆ ಖದ್ರ್‌ನ ಸಂಜೆ, ಇಫ್ತಾರ್‌ಗೆ ಸ್ವಲ್ಪ ಮೊದಲು, ಒಬ್ಬರು ಬಟ್ಟೆ ತೆಗೆದುಕೊಂಡು ಹೋಗಲು ಬಂದರು. ಒಟ್ಟು 900 ರೂಪಾಯಿ. ಮೊದಲು 500, ಆಮೇಲೆ 400 ಕೊಟ್ಟು ಮುಗಿಸಿದ್ದರು. ಪರದೆ ಮೇಲೆ ಬಾಕಿ 400 ಎಂದು ಬಂತು. ಅಮ್ಮಿ ಕೇಳಿದರು. ಅವರು, "ಕೊಟ್ಟಿದ್ದೇನಲ್ಲ ಆಪಾ," ಅಂದರು. ನಾನು ಪಕ್ಕದಲ್ಲೇ ಇದ್ದೆ. "ಕಂಪ್ಯೂಟರ್ ತಪ್ಪು ಹೇಳುವುದಿಲ್ಲ," ಎಂದು ಹೇಳಿದ್ದು ನಾನು. ಇನ್ನೂ ನಾಲ್ಕು ಜನ ಅಲ್ಲಿ ಕೂತಿದ್ದರು. ಆ ಹೆಂಗಸು ಮತ್ತೆ ಮಾತಾಡದೆ 400 ರೂಪಾಯಿ ಇಟ್ಟು ಹೊರಟು ಹೋದರು.

ರಾತ್ರಿ ನನಗೆ ಸಮಾಧಾನ ಇರಲಿಲ್ಲ. ಅಮ್ಮಿಯ ನೋಟ್‌ಬುಕ್ ತೆಗೆದು ಒಂದೊಂದೇ ಹೆಸರು ತಾಳೆ ನೋಡಿದೆ. ಹನ್ನೊಂದು ಜನರ ಬಾಕಿ ತಪ್ಪಾಗಿತ್ತು. ಮರುದಿನ ಅಮ್ಮಿ ತಾವೇ ಆ ಹೆಂಗಸಿನ ಮನೆಗೆ ಹೋಗಿ ಹಣ ವಾಪಸ್ ಕೊಟ್ಟು ಬಂದರು. ಬಂದವರು ನನಗೆ ಬೈಯಲಿಲ್ಲ. "ಪೈಸೆ ವಾಪಸ್ ಕೊಟ್ಟೆ. ಎಲ್ಲರ ಮುಂದೆ ಅವಳು ಸುಳ್ಳುಗಾತಿ ಆದಳಲ್ಲ, ಅದನ್ನು ಹೇಗೆ ವಾಪಸ್ ಕೊಡಲಿ?" ಎಂದು ಮಾತ್ರ ಕೇಳಿದರು. ಲ್ಯಾಪ್‌ಟಾಪ್ ಮುಚ್ಚಿ ನೋಟ್‌ಬುಕ್ ತೆರೆದರು.

ಈದ್ ಕಳೆದ ಮೇಲೆ, ದೊಡ್ಡ ಓಪನ್ ಸೋರ್ಸ್ ಯೋಜನೆಗಳಲ್ಲಿ ಸಾವಿರಾರು ಜನ ದಿನಾ ಕೋಡ್ ಬದಲಾಯಿಸುತ್ತಿದ್ದರೂ ಬಳಸುವವರಿಗೆ ತೊಂದರೆ ಆಗದೆ ಇರುವುದು ಹೇಗೆ ಎಂದು ಓದತೊಡಗಿದೆ. ಉತ್ತರ, ರಿಲೀಸ್ ಬ್ರಾಂಚ್.

ಬ್ರಾಂಚ್ ಎಂದರೆ ನಮಗೆ ಬ್ಯಾಂಕಿನ ಶಾಖೆ ನೆನಪಾಗುತ್ತದೆ. ಇದು ಬೇರೆ. ಒಂದು ನೋಟ್‌ಬುಕ್ ಅರ್ಧ ಬರೆದಿದ್ದೀರಿ ಎಂದುಕೊಳ್ಳಿ. ಈ ದಿನದವರೆಗೆ ಬರೆದದ್ದನ್ನು ಜೆರಾಕ್ಸ್ ಮಾಡಿ ಎತ್ತಿಡುತ್ತೀರಿ. ಆ ಪ್ರತಿಯಲ್ಲಿ ತಪ್ಪು ತಿದ್ದುವುದು ಮಾತ್ರ, ಹೊಸದು ಬರೆಯುವಂತಿಲ್ಲ. ಅದು ರಿಲೀಸ್ ಬ್ರಾಂಚ್. ಮೂಲ ನೋಟ್‌ಬುಕ್‌ನಲ್ಲಿ ನಿಮಗೆ ಬೇಕಾದ ಹೊಸದನ್ನು ಬರೆಯುತ್ತಾ ಹೋಗಬಹುದು. ಅದು ಮುಖ್ಯ ಬ್ರಾಂಚ್. ಜನರ ಕೈಗೆ ಕೊಡುವುದು ಜೆರಾಕ್ಸ್ ಪ್ರತಿಯನ್ನು. ಗಿಟ್ ಎಂಬ ಸಾಧನದಲ್ಲಿ ಹೀಗೆ ಬ್ರಾಂಚ್ ಮಾಡಲು ಒಂದು ಕ್ಷಣ ಸಾಕು. ಎಲ್ಲ ಕೋಡ್ ನಕಲು ಕೂಡ ಆಗುವುದಿಲ್ಲ. ಯಾವ ಹಂತದಿಂದ ಬೇರೆಯಾಯಿತು ಎಂಬ ಒಂದು ಗುರುತು ಬರೆದುಕೊಳ್ಳುತ್ತದೆ, ಅಷ್ಟೆ.

ಇಷ್ಟು ಸುಲಭ ಎಂದು ತಿಳಿದ ತಕ್ಷಣ, ಏಪ್ರಿಲ್ ತಿಂಗಳಲ್ಲೇ, ನಾನು ಬಕ್ರೀದ್‌ಗೆಂದು ಒಂದು ರಿಲೀಸ್ ಬ್ರಾಂಚ್ ಮಾಡಿದೆ. ಬಕ್ರೀದ್ ಇದ್ದದ್ದು ಜೂನ್ 7ಕ್ಕೆ. ಎರಡು ತಿಂಗಳು ಮೊದಲೇ ಗೆರೆ ಎಳೆದಿದ್ದೆ. ಅದು ನನ್ನ ಎರಡನೇ ತಪ್ಪು.

ಆಗ ಕೋಡ್‌ನಲ್ಲಿ ಇನ್ನೂ ಬಹಳ ದೋಷಗಳಿದ್ದವು. ಗೆರೆ ಎಳೆದದ್ದರಿಂದ ಆ ದೋಷಗಳೆಲ್ಲ ಎರಡು ಕಡೆ ಆದವು. ಒಂದೊಂದು ತಿದ್ದುಪಡಿಯನ್ನೂ ಎರಡು ಸಲ ಮಾಡಬೇಕಾಯಿತು. ಗೆಳೆಯ ಮತ್ತು ಮಾಮುವಿನ ಮಗ ಮುಖ್ಯ ಬ್ರಾಂಚ್‌ನಲ್ಲಿ ಹೊಸ ಹೊಸ ಕೆಲಸ ಮಾಡುತ್ತಾ ಖುಷಿಯಾಗಿದ್ದರು. ರಿಲೀಸ್ ಬ್ರಾಂಚ್ ಅನ್ನು ಪರೀಕ್ಷೆ ಮಾಡುವವನು ನಾನೊಬ್ಬನೇ. ಬಟ್ಟೆ ಕೊಡಬೇಕಾದ ತಾರೀಖು ತಪ್ಪು ಕ್ರಮದಲ್ಲಿ ಬರುವ ಒಂದು ದೋಷವನ್ನು ರಿಲೀಸ್ ಬ್ರಾಂಚ್‌ನಲ್ಲಿ ಸರಿ ಮಾಡಿ, ಮುಖ್ಯ ಬ್ರಾಂಚ್‌ನಲ್ಲಿ ಮಾಡಲು ಮರೆತೆ. ಬಕ್ರೀದ್ ಚೆನ್ನಾಗಿಯೇ ಕಳೆಯಿತು. ಆಗಸ್ಟ್‌ನಲ್ಲಿ ಮುಖ್ಯ ಬ್ರಾಂಚ್‌ನಿಂದ ಮುಂದಿನ ಬಿಡುಗಡೆ ಮಾಡಿದಾಗ ಅದೇ ದೋಷ ಮತ್ತೆ ಬಂದು ನಿಂತಿತು. ಗಲ್ಲಿಯ ಟೇಲರ್ ಅಂಕಲ್, "ಇದನ್ನು ಆಗಲೇ ಸರಿ ಮಾಡಿದ್ದೆಯಲ್ಲ, ಮತ್ತೆ ಯಾಕೆ ಕೆಡಿಸಿದೆ?" ಎಂದು ಕೇಳಿದರು. ಹೇಳಲು ಉತ್ತರ ಇರಲಿಲ್ಲ.

ಬ್ರಾಂಚ್ ಮಾಡದಿದ್ದರೆ ಒಂದು ಕಷ್ಟ, ಬೇಗ ಮಾಡಿದರೆ ಇನ್ನೊಂದು ಕಷ್ಟ. ಹಾಗಾದರೆ ಯಾವಾಗ ಮಾಡಬೇಕು? ಈ ಪ್ರಶ್ನೆಗೆ ಲಿನಕ್ಸ್‌ನ ಹಳೆಯ ಕಥೆಯೊಂದು ನನಗೆ ದಾರಿ ತೋರಿಸಿತು.

ಲಿನಕ್ಸ್ ಕರ್ನಲ್ ಅನ್ನು ಶುರು ಮಾಡಿದವರು ಲಿನಸ್ ಟೊರ್ವಾಲ್ಡ್ಸ್. ನಮ್ಮ ಆಂಡ್ರಾಯ್ಡ್ ಫೋನ್‌ಗಳ ಒಳಗೂ ಅದೇ ಕರ್ನಲ್ ಇದೆ. ಆ ಕಾಲದಲ್ಲಿ ಅದರ ಆವೃತ್ತಿಗಳಿಗೆ ಒಂದು ಪದ್ಧತಿ ಇತ್ತು. ನಡುವಿನ ಅಂಕಿ ಸಮಸಂಖ್ಯೆ ಆಗಿದ್ದರೆ ಅದು ಜನ ನಂಬಿ ಬಳಸುವ ಸ್ಥಿರ ಆವೃತ್ತಿ. ಬೆಸಸಂಖ್ಯೆ ಆಗಿದ್ದರೆ ಹೊಸ ಪ್ರಯೋಗಗಳ ಆವೃತ್ತಿ. 2.4 ಸ್ಥಿರ, 2.5 ಪ್ರಯೋಗ. 2.4.0 ಬಿಡುಗಡೆ ಆದದ್ದು 2001ರ ಜನವರಿಯಲ್ಲಿ. ಆದರೆ 2.5 ಶುರುವಾದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಹತ್ತು ತಿಂಗಳಿಗೂ ಹೆಚ್ಚು ಕಾಲ ಹೊಸ ಕೆಲಸಕ್ಕೆ ಬೇರೆ ಜಾಗವೇ ಇರಲಿಲ್ಲ.

ತಡ ಮಾಡುವುದರಲ್ಲಿ ಒಂದು ಅರ್ಥವಿದೆ. ಹೊಸ ಬ್ರಾಂಚ್ ತೆರೆದ ಕೂಡಲೇ ಎಲ್ಲರೂ ಹೊಸ ಕೆಲಸಕ್ಕೆ ಓಡುತ್ತಾರೆ, ಹಳೆಯದರ ದೋಷ ತಿದ್ದಲು ಯಾರೂ ಉಳಿಯುವುದಿಲ್ಲ. ಏಪ್ರಿಲ್‌ನಲ್ಲಿ ನನಗೆ ಆದದ್ದು ಅದೇ ತಾನೆ? ಬಾಗಿಲು ಮುಚ್ಚಿದ್ದರೆ ಎಲ್ಲರೂ ಒಳಗೇ ಕೂತು ಇರುವುದನ್ನು ಸರಿ ಮಾಡುತ್ತಾರೆ.

ಆದರೆ ಬಾಗಿಲು ಬಹಳ ದಿನ ಮುಚ್ಚಿದ್ದರೆ ಹೊಸ ಕೆಲಸ ಸುಮ್ಮನೆ ಕಾಯುವುದಿಲ್ಲ, ಇರುವ ಜಾಗದಲ್ಲೇ ನುಗ್ಗುತ್ತದೆ. 2001ರ ಸೆಪ್ಟೆಂಬರ್‌ನಲ್ಲಿ ಬಂದ 2.4.10 ಆವೃತ್ತಿಯಲ್ಲಿ ಕಂಪ್ಯೂಟರಿನ ಮೆಮೊರಿಯನ್ನು ನಿರ್ವಹಿಸುವ ಭಾಗವನ್ನೇ ತೆಗೆದು ಬೇರೊಬ್ಬರು ಬರೆದ ಹೊಸ ಭಾಗ ಹಾಕಿದರು. ಸ್ಥಿರ ಎಂದು ಹೆಸರಿಟ್ಟ ಸರಣಿಯ ಮಧ್ಯದಲ್ಲಿ ಇಷ್ಟು ದೊಡ್ಡ ಬದಲಾವಣೆ! ಅದಕ್ಕೆ ಆಗ ಬಹಳ ವಿವಾದವೂ ಆಯಿತು. ನಮ್ಮ ರಿಯಾಯಿತಿ ಭಾಗ ಈದ್‌ಗೆ ನಾಲ್ಕು ದಿನ ಮೊದಲು ನುಗ್ಗಿದ್ದು ಇದೇ ಜಾತಿಯದು ಎಂದು ಓದುವಾಗ ಅನಿಸಿತು.

ಕೊನೆಗೆ ನವೆಂಬರ್‌ನಲ್ಲಿ 2.4.15 ಬಿಡುಗಡೆ ಮಾಡಿ, ಅದೇ ಕೋಡ್ ಅನ್ನು 2.5.0 ಎಂದು ಕರೆದು ಗೆರೆ ಎಳೆದರು. ಆದರೆ ಆ 2.4.15ರಲ್ಲೇ ಒಂದು ಗಂಭೀರ ದೋಷ ಇತ್ತು. ಡಿಸ್ಕ್ ಅನ್ನು ಬಿಡಿಸುವಾಗ ಫೈಲ್ ಸಿಸ್ಟಂ ಕೆಡುವ ಸಾಧ್ಯತೆ ಇತ್ತು. ಎರಡೂ ಒಂದೇ ಕೋಡ್ ಆದ್ದರಿಂದ ದೋಷವೂ ಎರಡರಲ್ಲೂ ಹೋಯಿತು. ಕೆಲವೇ ದಿನಗಳಲ್ಲಿ ಅದನ್ನು ಸರಿಪಡಿಸಿ 2.4.16 ತರಬೇಕಾಯಿತು. ಗೆರೆ ಎಳೆದ ದಿನ ಒಳಗೆ ಏನು ದೋಷ ಇದೆಯೋ ಅದು ಎರಡೂ ಕಡೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇನ್ನೊಂದಿದೆ. 2.5ರ ಕೆಲಸಕ್ಕೆ ಹೊರಟ ಲಿನಸ್, 2.4 ಅನ್ನು ನೋಡಿಕೊಳ್ಳುವ ಹೊಣೆಯನ್ನು ಬ್ರೆಜಿಲ್‌ನ ಮಾರ್ಸೆಲೊ ಟೊಸಾಟಿ ಎಂಬವರಿಗೆ ಒಪ್ಪಿಸಿದರು. ಆಗ ಅವರ ವಯಸ್ಸು 18. ನನಗಿಂತ ಒಂದೇ ವರ್ಷ ದೊಡ್ಡವರು! 2006ರವರೆಗೆ ಅವರು ಅದನ್ನು ನೋಡಿಕೊಂಡರು. ಜಗತ್ತಿನ ಎಷ್ಟೋ ಸರ್ವರ್‌ಗಳು ಓಡುತ್ತಿದ್ದ ಕೋಡ್‌ಗೆ ಯಾವ ತಿದ್ದುಪಡಿ ಬೇಕು, ಯಾವುದು ಬೇಡ ಎಂದು ಹೇಳುವ ಕೆಲಸ ಹದಿನೆಂಟರ ಹುಡುಗನದು. ಗೆರೆ ಎಳೆಯುವುದಕ್ಕೆ ತಾರೀಖು ಮಾತ್ರ ಇದ್ದರೆ ಸಾಲದು, ಆ ಕಡೆ ಕಾವಲು ಕೂರುವ ಒಬ್ಬರು ಬೇಕು ಎಂದು ನನಗೆ ಹೊಳೆದದ್ದು ಇಲ್ಲಿ.

ಆಮೇಲೆ ಲಿನಕ್ಸ್‌ನವರು ಈ ಸಮ-ಬೆಸ ಪದ್ಧತಿಯನ್ನೇ ಬಿಟ್ಟರು. 2.5ರಲ್ಲಿ ಮಾಡಿದ ಕೆಲಸ 2.6 ಎಂದು ಜನರ ಕೈಗೆ ಬಂದದ್ದು 2003ರ ಡಿಸೆಂಬರ್‌ನಲ್ಲಿ, ಎರಡು ವರ್ಷದ ಮೇಲೆ. ಅಷ್ಟು ಕಾಯುವುದು ಯಾರಿಗೂ ಸಾಧ್ಯವಿರಲಿಲ್ಲ. ಈಗ ಅವರ ಕ್ರಮ ಬೇರೆ. ಎರಡು ವಾರ ಮಾತ್ರ ಹೊಸ ಕೆಲಸಕ್ಕೆ ಬಾಗಿಲು ತೆರೆದಿರುತ್ತದೆ. ಆಮೇಲೆ ಸುಮಾರು ಏಳೆಂಟು ವಾರ ದೋಷ ತಿದ್ದುವುದು ಮಾತ್ರ. ಬಿಡುಗಡೆ ಆದ ಮೇಲೆಯೇ ಸ್ಥಿರ ಬ್ರಾಂಚ್ ಬೇರೆಯಾಗುತ್ತದೆ. ಅದನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಸ್ಥಿರ ಬ್ರಾಂಚ್‌ಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ: ಯಾವ ತಿದ್ದುಪಡಿಯೂ ಮೊದಲು ಮುಖ್ಯ ಕೋಡ್‌ಗೆ ಹೋಗಿರಬೇಕು, ಆಮೇಲೆ ಸ್ಥಿರಕ್ಕೆ. ಈ ಒಂದು ನಿಯಮ ನನಗೆ ಏಪ್ರಿಲ್‌ನಲ್ಲೇ ಗೊತ್ತಿದ್ದರೆ ಟೇಲರ್ ಅಂಕಲ್ ಮುಂದೆ ತಲೆ ತಗ್ಗಿಸುವ ಸಂದರ್ಭ ಬರುತ್ತಿರಲಿಲ್ಲ.

ಡೆಬಿಯನ್ ಎಂಬ ಯೋಜನೆಯ ದಾರಿ ಮತ್ತೊಂದು. ಅವರು ಬಿಡುಗಡೆಗೆ ಮೊದಲು ಮುಂದಿನ ಆವೃತ್ತಿಯ ಬಾಗಿಲನ್ನು ಎಲ್ಲರಿಗೂ ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತಾರೆ. ಡೆಬಿಯನ್ 12 ಬಿಡುಗಡೆ ಆದದ್ದು 2023ರ ಜೂನ್ 10ರಂದು. ಬಾಗಿಲು ಮುಚ್ಚಲು ಶುರು ಮಾಡಿದ್ದು ಜನವರಿಯಲ್ಲಿ. ಸಿದ್ಧವಾದಾಗಲೇ ಬಿಡುಗಡೆ ಎಂಬುದು ಅವರ ಹಳೆಯ ಪದ್ಧತಿ. ಅದರಿಂದ ತಡವೂ ಆಗಿದೆ. 2002ರ ಜುಲೈನ ಬಿಡುಗಡೆ ಆದ ಮೇಲೆ ಮುಂದಿನದು ಬಂದದ್ದು 2005ರ ಜೂನ್‌ನಲ್ಲಿ. ಉಬುಂಟು ಇದಕ್ಕೆ ವಿರುದ್ಧ. ಏಪ್ರಿಲ್ ಮತ್ತು ಅಕ್ಟೋಬರ್ ಎಂದು ಮೊದಲೇ ತಿಂಗಳು ನಿಗದಿ. ಆ ಹೊತ್ತಿಗೆ ಮುಗಿಯದ ಕೆಲಸ ಮುಂದಿನ ಸಲಕ್ಕೆ.

ಇದೆಲ್ಲ ತಲೆಯಲ್ಲಿ ಓಡುತ್ತಿದ್ದಾಗ ಲೆಕ್ಕಶಾಸ್ತ್ರದ ಕ್ಲಾಸಿನಲ್ಲಿ ನಮ್ಮ ಲೆಕ್ಚರರ್ ಮಾರ್ಚ್ 31ರ ಬಗ್ಗೆ ಹೇಳುತ್ತಿದ್ದರು. ಮಾರ್ಚ್‌ನಲ್ಲಿ ಬಳಸಿದ ಕರೆಂಟಿನ ಬಿಲ್ ಏಪ್ರಿಲ್‌ನಲ್ಲಿ ಬಂದರೂ ಅದು ಹಳೆಯ ವರ್ಷದ ವೆಚ್ಚ. ಏಪ್ರಿಲ್ 1ರ ಮಾರಾಟ ಎಷ್ಟೇ ದೊಡ್ಡದಾಗಿದ್ದರೂ ಹಳೆಯ ವರ್ಷಕ್ಕೆ ಸೇರಿಸುವಂತಿಲ್ಲ. ಗೆರೆ ಆದ ಮೇಲೆ ಹಳೆಯದರ ತಪ್ಪು ತಿದ್ದಬಹುದು, ಹೊಸ ವ್ಯವಹಾರ ತುರುಕಬಾರದು. ನನಗೆ ಕೂತಲ್ಲೇ ನಗು ಬಂತು. ರಿಲೀಸ್ ಬ್ರಾಂಚ್‌ನ ನಿಯಮವೂ ಇದೇ. ಒಂದೇ ವ್ಯತ್ಯಾಸ ಎಂದರೆ, ಲೆಕ್ಕಕ್ಕೆ ತಾರೀಖನ್ನು ಸರ್ಕಾರ ಕೊಟ್ಟಿದೆ. ಕೋಡ್‌ಗೆ ನಾವೇ ಹುಡುಕಿಕೊಳ್ಳಬೇಕು.

ಹುಡುಕಲು ನಾನು ಈಗ ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಒಂದು, ಬಾಗಿಲ ಹೊರಗೆ ಹೊಸ ಕೆಲಸ ಹಿಡಿದು ನಿಂತವರು ಇದ್ದಾರೆಯೇ? ಯಾರೂ ಇಲ್ಲದಿದ್ದರೆ ಬ್ರಾಂಚ್ ಬೇಕಿಲ್ಲ, ಎಲ್ಲರೂ ಮುಖ್ಯ ಕೋಡ್‌ನಲ್ಲೇ ಕೂತು ದೋಷ ತಿದ್ದಿದರೆ ಆಯಿತು. ಎರಡು, ಗೊತ್ತಿರುವ ದೊಡ್ಡ ದೋಷಗಳು ಮುಗಿದಿವೆಯೇ? ಮುಗಿಯದಿದ್ದರೆ ಅವನ್ನು ಎರಡು ಮಾಡಿಕೊಳ್ಳುತ್ತೇವೆ. ಮೂರು, ಗೆರೆ ಎಳೆದ ಮೇಲೆ ಆ ಬ್ರಾಂಚ್ ಅನ್ನು ಕೊನೆಯವರೆಗೆ ನೋಡಿಕೊಳ್ಳುವವರು ಯಾರು? ಹೆಸರು ಹೇಳಲು ಆಗದಿದ್ದರೆ ಗೆರೆ ಎಳೆಯಬಾರದು.

ಈ ವರ್ಷ ರಂಜಾನ್ ಶುರುವಾಗುವುದು ಫೆಬ್ರವರಿಯಲ್ಲಿ, ಚಂದ್ರ ಕಂಡ ಮೇಲೆ. ನಮ್ಮ ಸೆಕೆಂಡ್ ಪಿಯುಸಿ ಪರೀಕ್ಷೆಯೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಈಗ ನಮ್ಮ ಪ್ರೋಗ್ರಾಂ ಮೂರು ಕಡೆ ಬಳಕೆಯಲ್ಲಿದೆ. ಜನವರಿ ಮೊದಲ ವಾರ ಮೂರೂ ಪ್ರಶ್ನೆ ಎದುರಿಟ್ಟು ಕೂತೆವು.

ಎರಡನೆಯದಕ್ಕೆ ಉತ್ತರ ಸುಲಭವಾಗಿತ್ತು. ಹಣದ ಲೆಕ್ಕಕ್ಕೆ ಸಂಬಂಧಿಸಿದ ದೋಷ ಒಂದೇ ಉಳಿದಿತ್ತು, ಹತ್ತು ದಿನದಲ್ಲಿ ಸರಿ ಮಾಡಿದೆವು. ಎರಡು ಕಂತಿನ ಲೆಕ್ಕಕ್ಕೆ ಬೇರೆ ಪರೀಕ್ಷೆ ಬರೆದಿದ್ದೇವೆ, ಅದು ಪಾಸಾಗದೆ ಯಾವ ಬದಲಾವಣೆಯೂ ಒಳಗೆ ಹೋಗುವುದಿಲ್ಲ.

ಕಷ್ಟವಾದದ್ದು ಮೊದಲನೆಯದು. ಹೊಸ ಕೆಲಸ ಹಿಡಿದು ನಿಂತವನು ನನ್ನ ಅದೇ ಗೆಳೆಯ. ಕೆಲಸ ಏನೆಂದರೆ ಉರ್ದು ಬಿಲ್. ನಮ್ಮ ಬಿಲ್ ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ ಬರುತ್ತದೆ. ಅಮ್ಮಿ ಸರಾಗವಾಗಿ ಓದುವುದು ಉರ್ದು. ಅವರು ಶುರುವಿನಿಂದ ಕೇಳಿದ್ದು ಇದೊಂದನ್ನೇ. ಅಕ್ಷರ ಬಲದಿಂದ ಎಡಕ್ಕೆ, ಅಂಕಿ ಎಡದಿಂದ ಬಲಕ್ಕೆ ಹೋಗುವುದರಿಂದ ಒಂದೇ ಸಾಲಿನಲ್ಲಿ ಎರಡೂ ಬಂದಾಗ ಮೊತ್ತ ತಪ್ಪು ಜಾಗದಲ್ಲಿ ಕೂರುತ್ತಿತ್ತು. "ಇನ್ನು ಒಂದು ವಾರ ಕೊಡು, ಮುಗಿಸುತ್ತೇನೆ. ನಿಮ್ಮ ಅಮ್ಮಿಗೇ ತಾನೆ?" ಅಂದ. ನನಗೂ ಕೊಡಬೇಕು ಅನಿಸಿತು. ಎರಡು ದಿನ ನಿರ್ಧಾರ ಮಾಡಲಿಲ್ಲ. ಆಮೇಲೆ ಬೇಡ ಅಂದೆ. ಅವನ ಕೆಲಸ ಕೆಟ್ಟದೆಂದಲ್ಲ. ರಿಯಾಯಿತಿ ಭಾಗವೂ ಒಳ್ಳೆಯದೇ ಇತ್ತು, ಬಂದ ದಿನ ತಪ್ಪಾಗಿತ್ತು, ಅಷ್ಟೆ. ಅವನು ಸ್ವಲ್ಪ ಬೇಸರ ಮಾಡಿಕೊಂಡ. ಆದರೆ ಬ್ರಾಂಚ್ ಬೇರೆಯಾದ ಮೇಲೆ ಮುಖ್ಯ ಕೋಡ್‌ನಲ್ಲಿ ಯಾರ ಅಡ್ಡಿಯೂ ಇಲ್ಲದೆ ಅದನ್ನು ಮುಂದುವರಿಸಬಹುದು ಎಂದಾಗ ಒಪ್ಪಿದ. ಬ್ರಾಂಚ್ ಇರುವುದೇ ಅದಕ್ಕೆ. ಅದು ಬಳಸುವವರನ್ನು ಕಾಯುತ್ತದೆ, ಹೊಸ ಕೆಲಸ ಮಾಡುವವರನ್ನೂ ಕಟ್ಟಿಹಾಕುವುದಿಲ್ಲ.

ಮೂರನೆಯದು, ಕಾವಲು. ಪರೀಕ್ಷೆ ಇರುವುದರಿಂದ ನಾನಾಗಲಿ ಗೆಳೆಯನಾಗಲಿ ಆ ತಿಂಗಳು ಕೂರಲು ಆಗುವುದಿಲ್ಲ. ಮಾಮುವಿನ ಮಗನಿಗೂ ಸೆಮಿಸ್ಟರ್ ಇದೆ. ಫಸ್ಟ್ ಪಿಯುಸಿಯ ಒಬ್ಬ ಹುಡುಗಿ ತನ್ನ ಖಾಲಾ ಅಂಗಡಿಯಲ್ಲಿ ನಮ್ಮ ಪ್ರೋಗ್ರಾಂ ಬಳಸುತ್ತಾಳೆ. ಕೋಡ್ ಬರೆದದ್ದು ಕಡಿಮೆ, ಆದರೆ ನಮ್ಮ ತಪ್ಪು ಕಂಡುಹಿಡಿದದ್ದರಲ್ಲಿ ಅವಳೇ ಮೊದಲು. ಅವಳನ್ನು ಕೇಳಿದೆ. "ನನಗೆ ಹದಿನಾರು ವರ್ಷ, ನನ್ನ ಕೈಲಿ ಆಗುತ್ತಾ?" ಎಂದಳು. ಮಾರ್ಸೆಲೊ ಟೊಸಾಟಿಯ ಕಥೆ ಹೇಳಿದೆ. ಒಪ್ಪಿಕೊಂಡಳು. ಅವಳು ಹೂಂ ಅನ್ನದೆ ರಿಲೀಸ್ ಬ್ರಾಂಚ್‌ಗೆ ನನ್ನ ಒಂದು ಸಾಲೂ ಹೋಗುವುದಿಲ್ಲ. ಆ ಅನುಮತಿಯನ್ನು ಗಿಟ್‌ಹಬ್‌ನಲ್ಲಿ ನಾನೇ ನನ್ನಿಂದ ತೆಗೆದುಹಾಕಿದ್ದೇನೆ.

ಜನವರಿ 18ರ ಭಾನುವಾರ ಅಸರ್ ನಮಾಜ್ ಆದ ಮೇಲೆ ಬ್ರಾಂಚ್ ಮಾಡಿದೆ. ಒಂದು ಸಾಲಿನ ಆದೇಶ, ಒಂದು ಕ್ಷಣದ ಕೆಲಸ. ಅದಕ್ಕೆ ಬೇಕಾದದ್ದು ಹತ್ತು ತಿಂಗಳು.

ಅಮ್ಮಿಗೆ ಉರ್ದು ಬಿಲ್ ಈ ಈದ್‌ಗೆ ಇಲ್ಲ ಎಂದು ನಾನೇ ಹೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. "ಯಾವ ಭಾಷೆಯಲ್ಲಾದರೂ ಬರಲಿ, ಯಾರ ಹಣವನ್ನೂ ಎರಡು ಸಲ ಕೇಳದಿದ್ದರೆ ಸಾಕು," ಅಂದರು. ರಂಜಾನ್‌ನಲ್ಲಿ ಲ್ಯಾಪ್‌ಟಾಪ್ ತೆರೆಯುತ್ತಾರಂತೆ. ಪಕ್ಕದಲ್ಲಿ ನೋಟ್‌ಬುಕ್ ಕೂಡ ಇರುತ್ತದಂತೆ. ಪ್ರತಿ ರಾತ್ರಿ ಎರಡನ್ನೂ ತಾಳೆ ನೋಡುವ ಕೆಲಸ ನನಗೆ ಕೊಟ್ಟಿದ್ದಾರೆ. ಪರೀಕ್ಷೆ ಇದ್ದರೂ ಅದಕ್ಕೆ ಹತ್ತು ನಿಮಿಷ ಇಟ್ಟುಕೊಂಡಿದ್ದೇನೆ.

ಹೋದ ವರ್ಷ 400 ರೂಪಾಯಿ ಎರಡು ಸಲ ಕೊಟ್ಟವರು ಈ ಸಲವೂ ಬಟ್ಟೆ ಕೊಟ್ಟು ಹೋಗಿದ್ದಾರೆ. ಮುಂಗಡ ಕೊಟ್ಟು ಹೊರಡುವಾಗ ನನ್ನ ಕಡೆ ನೋಡಿ, "ಬರೆದುಕೋ ಬೇಟಾ," ಅಂದರು. ಎರಡು ಕಡೆಯೂ ಬರೆದುಕೊಂಡೆ.